ಹಳದಿ ಬಣ್ಣದ ಅಡಿಯಲ್ಲಿ ಮಗ್ಗವಿತ್ತು

(ನಗರ ಯೋಜನೆ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ ಇದು. ಮಾತಿನಲ್ಲಿ ನುಸುಳಿದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

'ನಗರ ಯೋಜಕರ ಆದರ್ಶ ಮತ್ತು ಜನಸೇವೆ' ಎಂಬ ವಿಷಯದ ಮೇಲೆ ಮಾತನಾಡಬೇಕು ಎಂದು ನಿಮ್ಮ ಮೇಷ್ಟರು ಫೋನ್ ಮಾಡಿದಾಗ ನನಗೆ ನಗು ಬಂತು. ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಕಡತಗಳ ನಡುವೆ ಕೂತು ಎದ್ದವನನ್ನು ಕರೆದು ಆದರ್ಶದ ಬಗ್ಗೆ ಕೇಳುವುದೆಂದರೆ, ಸಂತೆಯಲ್ಲಿ ತಕ್ಕಡಿ ಹಿಡಿದವನಿಂದ ದಾನಧರ್ಮದ ಪ್ರವಚನ ಮಾಡಿಸಿದ ಹಾಗೆ. ಆಮೇಲೆ ಯೋಚಿಸಿದೆ. ತಕ್ಕಡಿ ಹಿಡಿದವನಿಗೂ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ, ಯಾರ ಚೀಲಕ್ಕೆ ಎಷ್ಟು ಬಿತ್ತು ಎಂಬುದು. ಇವತ್ತು ನಾನು ಹೇಳಲು ಬಂದಿರುವುದು ಹೆಚ್ಚುಕಡಿಮೆ ಅಷ್ಟೇ.

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದಲ್ಲಿ. ಆಗ ನಕ್ಷೆಗೆ ಬಣ್ಣ ಹಚ್ಚುವುದು ಕೈಯಲ್ಲೇ. ಟ್ರೇಸಿಂಗ್ ಹಾಳೆಯಿಂದ ಅಮೋನಿಯಾ ಪ್ರಿಂಟ್ ತೆಗೆದರೆ ಕೋಣೆಯಿಡೀ ಮೂಗು ಸುಡುವ ವಾಸನೆ. ಅದರ ಮೇಲೆ ನಾವು ಹೊಸಬರು ಕುಂಚ ಹಿಡಿದು ಕೂರುತ್ತಿದ್ದೆವು. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಕಟ್ಟಡಗಳಿಗೆ ಕೆಂಪು, ಉದ್ಯಾನಕ್ಕೆ ಹಸಿರು. ಇದು ನಿಮಗೂ ಬಾಯಿಪಾಠವಿರುತ್ತದೆ, ನೀವು ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಮಾಡುತ್ತೀರಿ, ಅಷ್ಟೇ ವ್ಯತ್ಯಾಸ. ಹಳದಿ ಹಚ್ಚುವುದು ಬಹಳ ಸುಲಭದ ಕೆಲಸ. ಒಂದು ಊರಿನ ಹಳೆಯ ಭಾಗವನ್ನೆಲ್ಲ ಹತ್ತು ನಿಮಿಷದಲ್ಲಿ ಹಳದಿ ಮಾಡಿ ಮುಗಿಸಬಹುದು. ಒಂದು ತಾಲ್ಲೂಕು ಕೇಂದ್ರದ ಹಳೇ ಪೇಟೆಯನ್ನು ನಾನು ಹಾಗೆಯೇ ಮುಗಿಸಿದ್ದೆ. ಸ್ಥಳ ಪರಿಶೀಲನೆ ಆಗಿತ್ತೇ ಎಂದರೆ ಆಗಿತ್ತು, ಕಡತದಲ್ಲಿ ದಿನಾಂಕ ಸಹಿತ. ಜೀಪು ಹೋಗುವಷ್ಟು ಅಗಲದ ರಸ್ತೆಯವರೆಗೆ ಜೀಪಿನಲ್ಲಿ ಹೋಗಿ, ಅಲ್ಲಿಂದ ಮುಂದಕ್ಕೆ ಕೈ ತೋರಿಸಿ, ಎದುರಿಗಿದ್ದ ಹೋಟೆಲಿನಲ್ಲಿ ಖಾಲಿದೋಸೆ ತಿಂದು ಬಂದಿದ್ದೆವು.

ಕರಡು ಯೋಜನೆ ಪ್ರಕಟವಾಗಿ, ಆಕ್ಷೇಪಣೆ ಸಲ್ಲಿಸಲು ಕೊಟ್ಟಿದ್ದ ಅವಧಿಯ ಕೊನೆಯ ವಾರದಲ್ಲಿ ಒಬ್ಬ ನೇಕಾರರು ಕಚೇರಿಗೆ ಬಂದರು. ಅರವತ್ತರ ಆಸುಪಾಸು. ಎರಡು ಪವರ್‌ಲೂಮ್ ಕೂರಿಸಲು ಪರವಾನಗಿ ಕೇಳಿದ್ದರಂತೆ, ಅವರ ಕೇರಿ ಕರಡು ನಕ್ಷೆಯಲ್ಲಿ ವಸತಿ ವಲಯ ಎಂದು ಪುರಸಭೆ ಅರ್ಜಿ ವಾಪಸು ಕಳುಹಿಸಿತ್ತಂತೆ. ನಾನು ಗೋಡೆಯ ಮೇಲಿನ ನಕ್ಷೆ ತೋರಿಸಿ, ನೋಡಿ ಯಜಮಾನರೇ, ನಿಮ್ಮ ಕೇರಿ ಇಲ್ಲಿದೆ, ಹಳದಿ ಇದೆ, ಹಳದಿ ಎಂದರೆ ವಾಸದ ಮನೆಗಳು ಎಂದು ವಿವರಿಸಿದೆ. ಅವರು ಸ್ವಲ್ಪ ಹೊತ್ತು ನಕ್ಷೆಯನ್ನೇ ನೋಡಿದರು.

"ಸ್ವಾಮಿ, ತಾವು ನಮ್ಮ ಕೇರಿಯ ಒಳಗೆ ಬಂದಿದ್ದಿರಾ?" ಎಂದು ಕೇಳಿದರು. ಕೊಂಕಿನಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಅದಕ್ಕೇ ನನಗೆ ಉತ್ತರ ಹೊಳೆಯಲಿಲ್ಲ.

ಅವರು ಚೀಲದಿಂದ ಒಂದು ಲಗ್ನಪತ್ರಿಕೆ ತೆಗೆದು, ಮಗುಚಿ ಹಾಕಿ, ನನ್ನ ಮೇಜಿನ ಮೇಲಿದ್ದ ಪೆನ್ಸಿಲನ್ನೇ ಕೇಳಿ ಪಡೆದು, ಹಿಂಬದಿಯ ಖಾಲಿ ಜಾಗದಲ್ಲಿ ತಮ್ಮ ಮನೆ ಬರೆದು ತೋರಿಸಿದರು. ಬಾಗಿಲು, ಜಗುಲಿ, ಒಳಗೆ ಹೋದ ಕೂಡಲೇ ನೆಲದಲ್ಲಿ ಕುಳಿ ತೋಡಿ ಕೂರಿಸಿದ ಮಗ್ಗ, ಅದರ ಪಕ್ಕದಲ್ಲಿ ಹೆಂಡತಿ ಕೂತು ನೂಲಿನ ಕಂಡಿಗೆ ಸುತ್ತುವ ಜಾಗ, ಹಿಂದೆ ಒಲೆ. ಮಲಗುವುದು ಎಲ್ಲಿ ಎಂದು ಕೇಳಿದೆ. "ಮಗ್ಗದ ಪಕ್ಕದಲ್ಲೇ" ಎಂದರು. ಆ ಕೇರಿಯ ನೂರಾರು ಮನೆಗಳೂ ಹಾಗೆಯೇ ಇದ್ದವು. ಮರುದಿನ ನಡೆದು ಹೋಗಿ ನೋಡಿದೆ. ಮನೆ ಯಾವುದು, ಕಾರ್ಖಾನೆ ಯಾವುದು ಎಂದು ಬೇರೆ ಮಾಡುವ ಗೋಡೆಯೇ ಇರಲಿಲ್ಲ. ನನ್ನ ಹತ್ತು ನಿಮಿಷದ ಕುಂಚ ಅಷ್ಟೂ ಜನರ ಕಸುಬನ್ನು ನಿಯಮಬಾಹಿರ ಮಾಡುವುದರಲ್ಲಿತ್ತು.

ಈ ಕಥೆಯ ಮುಂದಿನ ಭಾಗಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮುಂಚೆ ಈ ವೃತ್ತಿ ನಮ್ಮ ಸೀಮೆಯಲ್ಲಿ ಹುಟ್ಟಿದ್ದು ಹೇಗೆ ಎಂಬುದನ್ನು ನೆನಪಿಸಬೇಕು, ಏಕೆಂದರೆ ಆದರ್ಶದ ಮಾತು ಬಂದಾಗಲೆಲ್ಲ ನಾವು ಹಳೆಯ ಬಡಾವಣೆಗಳ ಕಡೆ ಬೆರಳು ತೋರಿಸುತ್ತೇವೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಜನ ಸತ್ತರು, ಬದುಕಿದವರು ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಅದರ ಬೆನ್ನಿಗೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬಂದವು. ಅಗಲ ರಸ್ತೆ, ಗಾಳಿ ಬೆಳಕು, ಮನೆಯ ಸುತ್ತ ಜಾಗ. 1903ರಲ್ಲಿ ಮೈಸೂರಿನಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಇವತ್ತಿಗೂ ಅಲ್ಲಿನ ಹಳೆಯ ಬಡಾವಣೆಗಳಲ್ಲಿ ಸಂಜೆ ನಡೆದರೆ ಮನಸ್ಸು ತಣ್ಣಗಾಗುತ್ತದೆ. ಇದನ್ನೆಲ್ಲ ಮಾಡಿದವರಿಗೆ ಆದರ್ಶವಿತ್ತು, ಅನುಮಾನವಿಲ್ಲ. ಆದರೆ ಒಂದು ಸಲ ಆ ಮನೆಗಳ ಹಿಂಬದಿಗೆ ಹೋಗಿ ನೋಡಿ. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಕಿರಿದಾದ ಓಣಿ ಇರುತ್ತದೆ. ಇಂಗ್ಲಿಷ್ ಬಲ್ಲ ಹಿರಿಯರು ಅದನ್ನು ಕನ್ಸರ್ವೆನ್ಸಿ ಎನ್ನುತ್ತಿದ್ದರು. ಅಷ್ಟು ದೊಡ್ಡ ಹೆಸರಿನ ಹಿಂದಿರುವುದು ಇಷ್ಟು: ಮಲ ಎತ್ತುವವರು ಮುಂಬಾಗಿಲಿಗೆ ಬರಬಾರದು, ಹಿಂದಿನಿಂದ ಬಂದು, ಬಕೆಟ್ಟಿನಲ್ಲಿ ತುಂಬಿಕೊಂಡು, ಯಾರ ಕಣ್ಣಿಗೂ ಬೀಳದೆ ಹೋಗಬೇಕು. ಹೊಸ ಬಡಾವಣೆಯ ನಿವೇಶನಗಳನ್ನು ಹಂಚುವಾಗಲೂ ಯಾವ ಸಮುದಾಯದವರು ಎಲ್ಲಿರಬೇಕು ಎಂಬ ಲೆಕ್ಕವಿತ್ತು. ಗಾಳಿ ಬೆಳಕು ಎಲ್ಲರಿಗೂ ಒಳ್ಳೆಯದು ಎಂದವರೇ ಆ ಹಿಂದಿನ ಓಣಿಯ ಗೆರೆಯನ್ನೂ ಅಷ್ಟೇ ಶ್ರದ್ಧೆಯಿಂದ ಎಳೆದರು. ಅವರನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಆದರ್ಶವಿದ್ದವರ ಕೈಯಲ್ಲೂ ಕುರುಡು ಗೆರೆ ಎಳೆಯಲ್ಪಡುತ್ತದೆ, ಅದಕ್ಕೆ ಹೇಳಿದೆ.

ಆ ಹಿಂದಿನ ಓಣಿಯ ಜನರನ್ನು ಮೆರವಣಿಗೆಯಲ್ಲಿ ನಡೆಸಿದ ಒಬ್ಬ ಯೋಜಕನ ಕಥೆ ನನಗೆ ಬಹಳ ಇಷ್ಟ. ಪ್ಯಾಟ್ರಿಕ್ ಗೆಡ್ಡಿಸ್ ಹೆಸರು ನೀವು ಪರೀಕ್ಷೆಗೆ ಓದಿರುತ್ತೀರಿ. ಸ್ಕಾಟ್ಲೆಂಡಿನವರು, ಮೂಲದಲ್ಲಿ ಜೀವವಿಜ್ಞಾನಿ. 1914ರಲ್ಲಿ ನಗರಗಳ ಬಗೆಗಿನ ಪ್ರದರ್ಶನವೊಂದನ್ನು ಹೊತ್ತು ಮದ್ರಾಸಿಗೆ ಹೊರಟರು. ಸಾಮಗ್ರಿ ತುಂಬಿದ್ದ ಹಡಗನ್ನು ಜರ್ಮನ್ನರ ಎಂಡೆನ್ ಯುದ್ಧನೌಕೆ ಮುಳುಗಿಸಿತು. ಬರಿಗೈಯಾದರೂ ಮನುಷ್ಯ ಹಿಂದಿರುಗಲಿಲ್ಲ. ಬೇರೆ ಸಾಮಗ್ರಿ ತರಿಸಿಕೊಂಡು, ಮುಂದಿನ ಹತ್ತು ವರ್ಷಗಳಲ್ಲಿ ಭಾರತದ ಊರಿಂದೂರಿಗೆ ನಡೆದರು. ನಡೆದರು ಎಂಬ ಮಾತನ್ನು ಅಕ್ಷರಶಃ ಹೇಳುತ್ತಿದ್ದೇನೆ. ಬೆಳಗಿನ ಜಾವ ಎದ್ದು ಓಣಿ ಓಣಿ ಸುತ್ತುವುದು ಅವರ ಕ್ರಮ. ಆಗಿನ ಪುರಸಭೆಗಳ ಎಂಜಿನಿಯರುಗಳಿಗೆ ಹಳೇ ಪೇಟೆ ಎಂದರೆ ಒಂದೇ ಮದ್ದು, ನಡುವೆ ನೇರ ರಸ್ತೆ ಸೀಳುವುದು. ಗೆಡ್ಡಿಸ್ ಅದೇ ಪೇಟೆಯ ನಕ್ಷೆಯನ್ನು ಮನೆ ಮನೆಯಾಗಿ ಬರೆದು, ಇಲ್ಲಿ ಬಿದ್ದುಹೋದ ಎರಡು ಮನೆ ತೆಗೆಯಿರಿ, ಅಲ್ಲೊಂದು ಮರ ನೆಡಿ, ಈ ಬಾವಿಯನ್ನು ಮುಚ್ಚಬೇಡಿ, ದುರಸ್ತಿ ಮಾಡಿ ಎಂದು ತೋರಿಸುತ್ತಿದ್ದರು. ಖರ್ಚೂ ಕಡಿಮೆ, ಮನೆ ಕಳೆದುಕೊಳ್ಳುವವರೂ ಕಡಿಮೆ. ವೈದ್ಯನು ಮೈ ಮುಟ್ಟಿ ನೋಡಿ ಆಮೇಲೆ ಕತ್ತಿ ಹಿಡಿಯುವ ಹಾಗೆ.

ಇಂದೋರ್ ಸಂಸ್ಥಾನಕ್ಕೆ ಅವರು ವರದಿ ಕೊಟ್ಟದ್ದು 1918ರಲ್ಲಿ. ಅಲ್ಲಿ ಪ್ಲೇಗಿನ ಕಾಟ. ಊರಿನಲ್ಲಿ ನಡೆಯುತ್ತಿದ್ದರೆ ಜನ ಇವರನ್ನು ಕಂಡು ಹೆದರುತ್ತಿದ್ದರು, ಇವನೇ ಮನೆ ಕೆಡವುವವನು ಎಂದು. ಹೆದರಿದ ಜನರ ನಡುವೆ ಯೋಜನೆ ಮಾಡಲಾಗದು ಎಂದು ಗೆಡ್ಡಿಸ್‌ಗೆ ತಿಳಿಯಿತು. ಮಹಾರಾಜರ ಬಳಿ ಹೋಗಿ, ಒಂದು ದಿನದ ಮಟ್ಟಿಗೆ ಈ ಊರನ್ನು ನನ್ನ ಕೈಗೆ ಕೊಡಿ ಎಂದು ಕೇಳಿದರು. ಸಿಕ್ಕಿತು. ದೀಪಾವಳಿಯ ಮೆರವಣಿಗೆ ಈ ಸಲ ವಾಡಿಕೆಯ ದಾರಿಯಲ್ಲಿ ಹೋಗುವುದಿಲ್ಲ, ಯಾವ ಬೀದಿಯಲ್ಲಿ ಹೆಚ್ಚು ಮನೆಗಳು ದುರಸ್ತಿಯಾಗಿ ಸುಣ್ಣಬಣ್ಣ ಕಂಡಿರುತ್ತವೆಯೋ ಆ ಬೀದಿಯಲ್ಲಿ ಹೋಗುತ್ತದೆ ಎಂದು ಸಾರಿಸಿದರು. ಕಸ ಸಾಗಿಸಲು ಗಾಡಿ ಪುಕ್ಕಟೆ. ಇನ್ನು ಕೇಳಬೇಕೇ! ತಮ್ಮ ಬೀದಿಗೆ ಮೆರವಣಿಗೆ ಬರಲಿ ಎಂದು ಜನ ಅಟ್ಟದ ಮೂಲೆಯ ಕಸವನ್ನೂ ಹೊರಗೆ ಹಾಕಿದರು. ಇಲಿಗಳಿಗೆ ಅಡಗಲು ಜಾಗವಿಲ್ಲದಂತಾಯಿತು.

ಮೆರವಣಿಗೆಯಲ್ಲಿ ಕೊಳಕಿನ ರಾಕ್ಷಸನೊಬ್ಬನನ್ನು, ಪ್ಲೇಗಿನ ದೊಡ್ಡ ಇಲಿಯೊಂದನ್ನು ಮಾಡಿ ನಡೆಸಿದರು, ಕೊನೆಯಲ್ಲಿ ಸುಟ್ಟರು. ಅವುಗಳ ಹಿಂದೆ ಊರಿನ ಜಾಡಮಾಲಿಗಳು. ಬಿಳಿ ಬಟ್ಟೆ, ಹೊಸ ರುಮಾಲು, ಹೂವಿನ ಹಾರ. ಕಸದ ಗಾಡಿಗಳಿಗೆ ಬಣ್ಣ, ಎತ್ತುಗಳ ಕೋಡಿಗೂ ಬಣ್ಣ. ನಮ್ಮಲ್ಲಿ ಹಿಂದಿನ ಓಣಿಯಿಂದ ಬಂದು ಹೋಗಬೇಕಾಗಿದ್ದ ಕೆಲಸದವರು ಅಲ್ಲಿ ಹಗಲಿನಲ್ಲಿ, ನಡುಬೀದಿಯಲ್ಲಿ, ತಲೆ ಎತ್ತಿ ನಡೆದರು. ಅವರ ಹಿಂದೆ, ಇಂದೋರ್ ಮುಂದೆ ಹೇಗಾಗಲಿದೆ ಎಂದು ತೋರಿಸುವ ಮಾದರಿಗಳು. ಮನೆ ಮನೆಗೆ ತುಳಸಿ ಗಿಡಗಳನ್ನು ಹಂಚಿದರು.

ಈ ಕಥೆಗೆ ಒಂದು ತಲೆನೋವೂ ಇದೆ, ಹೇಳಿಬಿಡುತ್ತೇನೆ. ಗೆಡ್ಡಿಸ್‌ಗೆ ಒಬ್ಬ ಮಹಾರಾಜ ಬೇಕಾಯಿತು. ಮಹಾರಾಜ ಬೇಡ ಎಂದಿದ್ದರೆ ಮೆರವಣಿಗೆ ಇಲ್ಲ. ಎಷ್ಟೋ ಊರುಗಳಲ್ಲಿ ಅವರ ವರದಿ ಕಪಾಟಿಗೆ ಹೋಯಿತು. ಹಬ್ಬ ಮುಗಿದ ಮರುದಿನ ಜಾಡಮಾಲಿಗಳು ಎಲ್ಲಿಗೆ ಹೋದರು ಎಂದು ನನಗೆ ಯಾವಾಗಲೂ ಅನಿಸುತ್ತದೆ. ಒಂದು ದಿನದ ಆದರ್ಶ ಚೆಂದ. ನಮಗೆ ಬೇಕಾಗಿರುವುದು ಬುಧವಾರ ಮಧ್ಯಾಹ್ನ ಮೂರು ಗಂಟೆಗೆ, ಫ್ಯಾನು ತಿರುಗದ ಕೋಣೆಯಲ್ಲಿ, ಮೇಲಿನವರು ಅವಸರ ಮಾಡುತ್ತಿರುವಾಗಲೂ ಉಳಿಯುವ ಆದರ್ಶ.

ಅದನ್ನು ಹತ್ತು ವರ್ಷ ಉಳಿಸಿಕೊಂಡ ಒಬ್ಬರಿದ್ದರು, ನಾರ್ಮನ್ ಕ್ರಮ್‌ಹೋಲ್ಜ್. 2019ರಲ್ಲಿ ತೀರಿಕೊಂಡರು. ಅಮೆರಿಕದ ಒಹಾಯೊ ರಾಜ್ಯದಲ್ಲಿ, ಈರಿ ಸರೋವರದ ದಡದಲ್ಲಿ ಕ್ಲೀವ್‌ಲ್ಯಾಂಡ್ ಎಂಬ ನಗರ. ಉಕ್ಕಿನ ಊರು, ಯಂತ್ರಗಳ ಊರು. 1950ರಲ್ಲಿ ಅಲ್ಲಿ 9.14 ಲಕ್ಷ ಜನರಿದ್ದರು. 1970ಕ್ಕೆ 7.5 ಲಕ್ಷ, 1980ಕ್ಕೆ 5.73 ಲಕ್ಷ. ಉಬ್ಬುವ ಊರುಗಳನ್ನು ಮಾತ್ರ ಕಂಡಿರುವ ನಮಗೆ ಇದು ಊಹೆಗೂ ಕಷ್ಟ. ಅನುಕೂಲವಿದ್ದ ಬಿಳಿಯರು ಹೊರವಲಯದ ಉಪನಗರಗಳಿಗೆ ಹೋದರು, ಬಡವರು, ಕರಿಯರು, ಮುದುಕರು ಒಳಗೆ ಉಳಿದರು. 1967ರಲ್ಲಿ ಕಾರ್ಲ್ ಸ್ಟೋಕ್ಸ್ ಮೇಯರ್ ಆಗಿ ಆಯ್ಕೆಯಾದರು, ಅಮೆರಿಕದ ದೊಡ್ಡ ನಗರವೊಂದರ ಮೊದಲ ಕರಿಯ ಮೇಯರ್ ಅವರು. 1969ರಲ್ಲಿ ಅವರು ಕ್ರಮ್‌ಹೋಲ್ಜ್‌ರನ್ನು ಯೋಜನಾ ನಿರ್ದೇಶಕರನ್ನಾಗಿ ಕರೆತಂದರು. ಅದೇ ವರ್ಷ ಜೂನ್‌ನಲ್ಲಿ ಊರಿನ ಕುಯಾಹೋಗ ನದಿಗೆ ಬೆಂಕಿ ಹತ್ತಿಕೊಂಡಿತ್ತು, ಅಷ್ಟು ಎಣ್ಣೆ ತೇಲುತ್ತಿತ್ತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಬಿದ್ದದ್ದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಂಥ ಊರಿನಲ್ಲಿ ಯೋಜಕ ಏನು ಮಾಡಬೇಕು? ಬಣ್ಣದ ನಕ್ಷೆ ಮಾಡಿ ಯಾರಿಗೆ ಕೊಡಬೇಕು? ಕ್ರಮ್‌ಹೋಲ್ಜ್ ಮತ್ತು ಅವರ ಚಿಕ್ಕ ತಂಡ 1975ರಲ್ಲಿ ಒಂದು ನೀತಿ ವರದಿ ಹೊರತಂದರು. ಅದರ ತಿರುಳು ಒಂದೇ: ಕೈಯಲ್ಲಿರುವ ಹಣ, ಶಕ್ತಿ ಕಡಿಮೆಯಾದಾಗ ಆಯ್ಕೆಗಳೇ ಇಲ್ಲದವರಿಗೆ, ಇದ್ದರೂ ಕೆಲವೇ ಇರುವವರಿಗೆ, ಆಯ್ಕೆಗಳನ್ನು ಹೆಚ್ಚಿಸುವುದೇ ನಗರಾಡಳಿತದ ಮೊದಲ ಕೆಲಸ. ನೋಡಿ, ಆಯ್ಕೆ ಎಂಬ ಪದ. ಬಡತನ ನಿರ್ಮೂಲನೆ, ಸರ್ವೋದಯ, ಅಂಥ ಎತ್ತರದ ಮಾತುಗಳಿಲ್ಲ. ಬಸ್ಸಿಗೆ ಕಾಯುತ್ತಿರುವವನಿಗೆ ಎರಡನೇ ದಾರಿ ಇದೆಯೇ ಎಂದು ಕೇಳಿದರೆ ಸಾಕು, ಆ ಪದದ ಅರ್ಥ ಗೊತ್ತಾಗುತ್ತದೆ.

ಬಸ್ಸಿನ ವಿಷಯದಲ್ಲೇ ಅವರು ನಿಜವಾದ ಜಗಳವಾಡಿದರು. ನಗರದ ಒಡೆತನದಲ್ಲಿದ್ದ ಸಾರಿಗೆಯನ್ನು ಇಡೀ ಪ್ರದೇಶಕ್ಕೆ ಸೇರಿದ ಹೊಸ ಸಂಸ್ಥೆಗೆ ಒಪ್ಪಿಸುವ ಮಾತುಕತೆ ನಡೆದಿತ್ತು. ಉಪನಗರಗಳ ಕಡೆಗೆ ರೈಲು ಹಳಿ ವಿಸ್ತರಿಸಬೇಕು ಎಂಬುದು ದೊಡ್ಡವರ ಆಸೆ. ಕ್ರಮ್‌ಹೋಲ್ಜ್ ತಂಡ ಒಂದು ಲೆಕ್ಕ ಹಿಡಿದು ಬಂತು: ಕ್ಲೀವ್‌ಲ್ಯಾಂಡಿನ ಮೂರರಲ್ಲಿ ಒಂದು ಕುಟುಂಬದ ಬಳಿ ಕಾರಿಲ್ಲ. ಕಾರಿರುವವನಿಗೆ ರೈಲು ಇನ್ನೊಂದು ಅನುಕೂಲ, ಕಾರಿಲ್ಲದ ಮುದುಕಿಗೆ ಬಸ್ಸೇ ಕಾಲು. ಮಾತುಕತೆ ಮುಗಿಯುವ ಹೊತ್ತಿಗೆ ಮೂರು ವರ್ಷ ಬಸ್ ದರ 25 ಸೆಂಟ್ ದಾಟಬಾರದು, ವೃದ್ಧರಿಗೆ ಅಂಗವಿಕಲರಿಗೆ ರಿಯಾಯಿತಿ, ಫೋನ್ ಮಾಡಿದರೆ ಮನೆ ಹತ್ತಿರ ಬರುವ ಬಸ್ಸು, ಇಷ್ಟನ್ನು ಒಪ್ಪಂದದೊಳಗೆ ಬರೆಸಿದರು. ಯಾವ ವಾಸ್ತುಶಿಲ್ಪ ಪತ್ರಿಕೆಯಲ್ಲೂ ಇದರ ಚಿತ್ರ ಬರುವುದಿಲ್ಲ. 25 ಸೆಂಟಿಗೆ ಎಂಥ ಚಿತ್ರ!

ಇಲ್ಲೊಂದು ಅಡ್ಡಮಾತು. ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಬಸ್ಸುಗಳು ತುಂಬಿ ತುಳುಕಿದವು. ಎಲ್ಲರೂ ರಾಜಕೀಯ ಮಾತನಾಡಿದರು. ನನಗೆ ಮಾತ್ರ ನಮ್ಮ ಸಂಚಾರ ಸಮೀಕ್ಷೆಗಳು ನೆನಪಾದವು. ರಸ್ತೆಯಲ್ಲಿ ಓಡುವ ವಾಹನಗಳನ್ನು ನಾವು ವರ್ಷಗಟ್ಟಲೆ ಎಣಿಸಿದೆವು. ಕಾಸಿಲ್ಲದೆ ಹೊರಡದೇ ಉಳಿದವರನ್ನು ಎಣಿಸುವ ಒಂದು ಕಾಲಂ ನಮ್ಮ ಯಾವ ನಮೂನೆಯಲ್ಲೂ ಇರಲಿಲ್ಲ. ಆಸ್ಪತ್ರೆಗೆ ಹೋಗದ ಅಜ್ಜಿ ಸಂಚಾರ ದಟ್ಟಣೆ ಉಂಟುಮಾಡುವುದಿಲ್ಲವಲ್ಲ.

ಕ್ಲೀವ್‌ಲ್ಯಾಂಡಿಗೆ ವಾಪಸು ಬರುತ್ತೇನೆ. ಎಪ್ಪತ್ತರ ದಶಕದ ಮಧ್ಯದಲ್ಲಿ ಊರ ನಡುವೆ ಟವರ್ ಸಿಟಿ ಎಂಬ ಭಾರಿ ವಾಣಿಜ್ಯ ಸಂಕೀರ್ಣದ ಪ್ರಸ್ತಾವ ಬಂತು. ಸೊರಗುತ್ತಿದ್ದ ಊರಿಗೆ ಇದಕ್ಕಿಂತ ಭಾಗ್ಯ ಬೇಕೇ ಎಂದು ಎಲ್ಲರಿಗೂ ಅನಿಸಿತು. ಕ್ರಮ್‌ಹೋಲ್ಜ್ ಇದ್ದ ನಗರ ಯೋಜನಾ ಆಯೋಗ ಕೂತು ಕೇಳಿತು: ಸೇತುವೆ ದುರಸ್ತಿಗೆ ನಗರ ದುಡ್ಡು ಹಾಕಬೇಕು, ತೆರಿಗೆಯಲ್ಲೂ ವಿನಾಯಿತಿ ಕೊಡಬೇಕು, ಹಾಗಾದರೆ ನಗರದೊಳಗಿನ ನಿರುದ್ಯೋಗಿಗೆ ಎಷ್ಟು ಕೆಲಸ ಖಾತ್ರಿ? ಉತ್ತರ ಸರಿ ಕಾಣಲಿಲ್ಲ, ಆಯೋಗ ವಿರೋಧಿಸಿತು. ನಗರಸಭೆಯವರು ಯೋಜಕರ ಮೇಲೆ ಹರಿಹಾಯ್ದು, ಆ ವಿರೋಧವನ್ನು ತಳ್ಳಿಹಾಕಿ, ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟರು. ಅಂದರೆ ಕ್ರಮ್‌ಹೋಲ್ಜ್ ಸೋತರು. ಆ ಕಟ್ಟಡ ಆಗ ಮೇಲೇಳಲಿಲ್ಲ ಎಂಬುದು ಬೇರೆ ಮಾತು, ಅದೇ ಹೆಸರಿನ ಸಂಕೀರ್ಣ ತೆರೆದದ್ದು 1990ರಲ್ಲಿ. ನನಗೆ ಮುಖ್ಯವಾಗಿ ಕಾಣುವುದು ಸೋತ ರೀತಿ. ಯಾರಿಗೆ ಲಾಭ, ಯಾರ ಜೇಬಿನಿಂದ ಖರ್ಚು ಎಂಬ ಲೆಕ್ಕ ಸಾರ್ವಜನಿಕ ದಾಖಲೆಯಲ್ಲಿ ಕೂತುಬಿಟ್ಟಿತು. ಒಪ್ಪಿಗೆ ಕೊಟ್ಟವರು ಅದನ್ನು ಓದಿಯೇ ಒಪ್ಪಿಗೆ ಕೊಡಬೇಕಾಯಿತು.

ಇಷ್ಟಾಗಿಯೂ ಅವರ ಕೆಲಸ ಹೋಗಲಿಲ್ಲ. ಹತ್ತು ವರ್ಷಗಳಲ್ಲಿ ಮೂವರು ಮೇಯರುಗಳ ಕೆಳಗೆ ದುಡಿದರು. ಸ್ಟೋಕ್ಸ್ ಆದ ಮೇಲೆ ರಿಪಬ್ಲಿಕನ್ ಪಕ್ಷದ ರಾಲ್ಫ್ ಪರ್ಕ್, ಅವರ ನಂತರ 31ನೇ ವಯಸ್ಸಿಗೇ ಮೇಯರ್ ಆದ ಡೆನಿಸ್ ಕುಸಿನಿಚ್. ಒಬ್ಬರಿಗೊಬ್ಬರು ಎಣ್ಣೆ ಸೀಗೇಕಾಯಿ. ಹೇಗೆ ಉಳಿದರು ಎಂದರೆ, ನನ್ನ ಲೆಕ್ಕದಲ್ಲಿ, ಅವರು ಉಪಯೋಗಕ್ಕೆ ಬರುತ್ತಿದ್ದರು. ಕಸ ಸಾಗಿಸುವ ವಿಭಾಗಕ್ಕೆ ಹೋಗಿ ಅದರ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡುವುದು ಹೇಗೆಂದು ಕೂತು ಲೆಕ್ಕ ಹಾಕಿಕೊಟ್ಟರು. ತೆರಿಗೆ ಕಟ್ಟದೆ ಹಾಳುಬಿದ್ದ ನಿವೇಶನಗಳನ್ನು ನಗರ ಬೇಗ ವಶಕ್ಕೆ ತೆಗೆದುಕೊಳ್ಳುವಂತೆ ರಾಜ್ಯದ ಕಾನೂನು ಬದಲಾಯಿಸಲು ದುಡಿದರು. ಇವನ ಮಾತು ಕಹಿ, ಆದರೆ ಅಂಕಿ ಅಂಶ ಬೇಕೆಂದರೆ ಇವನ ಹತ್ತಿರವೇ ಹೋಗಬೇಕು ಎಂದು ಮೂವರು ಮೇಯರುಗಳಿಗೂ ಗೊತ್ತಿತ್ತು. ನಮ್ಮಲ್ಲಿ ಆದರ್ಶವಾದಿ ಎಂದರೆ ಸಿಟ್ಟು ಮಾಡಿಕೊಂಡು ರಾಜೀನಾಮೆ ಬಿಸಾಡುವವನು ಎಂಬ ಒಂದು ಚಿತ್ರವಿದೆ. ಸಿನಿಮಾಕ್ಕೆ ಅದು ಒಳ್ಳೆಯದು. ರಾಜೀನಾಮೆ ಕೊಟ್ಟವನ ಕುರ್ಚಿಯಲ್ಲಿ ಮರುದಿನ ಯಾರು ಕೂರುತ್ತಾರೆ ಎಂದು ಸಿನಿಮಾ ತೋರಿಸುವುದಿಲ್ಲ.

ನೀವು ಕೇಳಬಹುದು, ಅಮೆರಿಕದ ಮಾತು ನಮಗೇಕೆ ಎಂದು. ನಮ್ಮ ಕೆಲಸವನ್ನೇ ತೆಗೆದುಕೊಳ್ಳಿ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಿಮಗೆ ಪರಿಚಯವಾಗುತ್ತದೆ, ಭೂ ಉಪಯೋಗ ಬದಲಾವಣೆ. ಹಸಿರಿದ್ದದ್ದು ಹಳದಿಯಾಗುತ್ತದೆ, ಹಳದಿಯಿದ್ದದ್ದು ನೀಲಿಯಾಗುತ್ತದೆ. ಬಣ್ಣ ಬದಲಾದ ದಿನ ಆ ಜಮೀನಿನ ಬೆಲೆ ಎಷ್ಟು ಪಟ್ಟು ಏರುತ್ತದೆ ಎಂಬುದು ಬೀದಿ ಬದಿಯ ದಲ್ಲಾಳಿಗೂ ಗೊತ್ತು. ನಮ್ಮ ಟಿಪ್ಪಣಿ ಹಾಳೆಯಲ್ಲಿ ಮಾತ್ರ ಆ ಮಾತು ಇರುವುದಿಲ್ಲ. 'ಪ್ರಸ್ತಾವನೆಯನ್ನು ಪರಿಶೀಲಿಸಲಾಗಿದೆ, ಸುತ್ತಮುತ್ತಲಿನ ಬೆಳವಣಿಗೆಯನ್ನು ಗಮನಿಸಿ ಪರಿಗಣಿಸಬಹುದು.' ಪರಿಶೀಲಿಸಿದವರು ಯಾರು? ಗಮನಿಸಿದವರು ಯಾರು? ಈ 'ಲಾಗಿದೆ' ಎಂಬ ಪ್ರತ್ಯಯ ಇದೆಯಲ್ಲ, ಸರ್ಕಾರಿ ಕನ್ನಡದಲ್ಲಿ ಅದರಷ್ಟು ಜನರನ್ನು ಬಚ್ಚಿಟ್ಟ ಜಾಗ ಇನ್ನೊಂದಿಲ್ಲ. 'ನಾನು ಹೋಗಿ ನೋಡಿದೆ, ಅಲ್ಲಿ ಇಷ್ಟು ಮನೆಗಳಿವೆ, ಈ ಬದಲಾವಣೆಯಿಂದ ಇವರಿಗೆ ಲಾಭ, ಇವರಿಗೆ ನಷ್ಟ' ಎಂದು ಬರೆಯಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಮೇಲಿನವರು ಅದನ್ನು ತಳ್ಳಿಹಾಕಬಹುದು. ತಳ್ಳಿಹಾಕಲಿ. ಆದರೆ ಕಾರಣ ಬರೆದು ಸಹಿ ಹಾಕಬೇಕಾಗುತ್ತದೆ. ಬರೆಯುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ಆ ಒಂದು ಕ್ಷಣಕ್ಕಾಗಿಯೇ ನಮಗೆ ಸಂಬಳ ಕೊಡುತ್ತಾರೆ ಎಂದು ನಾನು ತಿಳಿದಿದ್ದೇನೆ.

ನಾನು ಯಾವಾಗಲೂ ಬರೆದೆನೇ? ಇಲ್ಲ. ಒಂದು ಬಡಾವಣೆಯ ನಕ್ಷೆ ನನ್ನ ಮೇಜಿಗೆ ಬಂದಿತ್ತು. ಉದ್ಯಾನಕ್ಕೆಂದು ಬಿಟ್ಟ ಜಾಗ ಹಳ್ಳದ ದಾರಿಯಲ್ಲಿತ್ತು. ಮಾರಾಟವಾಗದ ಜಾಗವನ್ನು ಉದ್ಯಾನ ಎಂದು ತೋರಿಸುವುದು ಹಳೆಯ ಚಾಳಿ, ನನಗೆ ಗೊತ್ತಿತ್ತು. ಹಳೆಯ ಗ್ರಾಮ ನಕ್ಷೆಯಲ್ಲಿ ಆ ಹಳ್ಳದ ಗೆರೆ ಪಕ್ಕದ ನಿವೇಶನಗಳ ಕಡೆಗೂ ಬಾಗಿತ್ತು, ಅದೂ ಕಂಡಿತ್ತು. ಮಾರ್ಚ್ ಕೊನೆ. ಮನೆಯಲ್ಲಿ ತಂದೆಗೆ ಹುಷಾರಿರಲಿಲ್ಲ. ಇನ್ನೊಂದು ಪ್ರಶ್ನೆ ಎತ್ತಿದರೆ ಕಡತ ಇನ್ನೊಂದು ತಿಂಗಳು ನನ್ನ ಕೊರಳಿಗೆ ಬೀಳುತ್ತದೆ ಎಂದು ಸಹಿ ಹಾಕಿದೆ. ಲಂಚ ಮುಟ್ಟಲಿಲ್ಲ, ಒತ್ತಡವೂ ಬರಲಿಲ್ಲ, ಬರೀ ಸುಸ್ತು. ಆರೇಳು ವರ್ಷದ ನಂತರ ಒಂದು ಅಕ್ಟೋಬರ್ ರಾತ್ರಿ ಆ ಸಾಲಿನ ಮನೆಗಳಿಗೆ ನೀರು ನುಗ್ಗಿತು. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹಿಡಿದು ಹೋದೆ. ಒಬ್ಬ ಹೆಂಗಸು ಅಕ್ಕಿ ಮೂಟೆಯನ್ನು ಹೊರಗೆಳೆದು, ಗೋಣಿಚೀಲದ ಮೇಲೆ ಅಕ್ಕಿ ಹರವಿ ಒಣಗಿಸುತ್ತಿದ್ದರು. "ಯಾರು ಬೇಕಾಗಿತ್ತಣ್ಣ?" ಎಂದು ಕೇಳಿದರು. ಯಾರೂ ಇಲ್ಲಮ್ಮ ಎಂದು ಹೇಳಿ ಬಂದೆ.

ಇನ್ನು ಆ ಲಗ್ನಪತ್ರಿಕೆಯ ಮಾತು. ನೇಕಾರರ ಕೇರಿಗೆ ಹೋಗಿ ಬಂದ ಮೇಲೆ ನಾನು ಎರಡು ಪುಟದ ಟಿಪ್ಪಣಿ ಬರೆದೆ, ಬಹುಶಃ ನನ್ನ ಮೊದಲ ನಿಜವಾದ ಟಿಪ್ಪಣಿ. ಆ ಪತ್ರಿಕೆಯನ್ನು ಆಕ್ಷೇಪಣೆಯ ಜೊತೆ ದಾರ ಪೋಣಿಸಿ ಕಡತಕ್ಕೆ ಸೇರಿಸಿದೆ. ಮೇಲಧಿಕಾರಿಯವರು ಅಂಚಿನಲ್ಲಿ 'ಚರ್ಚಿಸಿ' ಎಂದು ಬರೆದರು. ಚರ್ಚೆಯಾಗಲಿಲ್ಲ, ನನಗೆ ವರ್ಗವಾಯಿತು. ಎರಡು ವರ್ಷದ ನಂತರ ಅಂತಿಮ ಯೋಜನೆ ಬಂದಾಗ ನನ್ನ ನಂತರ ಬಂದವರೊಬ್ಬರು ಆ ಟಿಪ್ಪಣಿಯನ್ನು ಓದಿ, ಕೇರಿಯ ಅರ್ಧದಷ್ಟು ಬೀದಿಗಳಲ್ಲಿ ಮಗ್ಗಗಳಿಗೆ ಅವಕಾಶ ಕೊಡಿಸಿದ್ದರು. ಉಳಿದ ಅರ್ಧ ಹಳದಿಯೇ. ಅಲ್ಲಿಯೂ ಮಗ್ಗಗಳು ಓಡಿದವು, ಯಾರ ಯಾರ ಕೈಗೋ ಏನೇನೋ ಇಟ್ಟು.

ಪ್ರಶ್ನೆಗಳಿದ್ದರೆ ಕೇಳಿ.

ಒಬ್ಬ ವಿದ್ಯಾರ್ಥಿನಿ ಕೇಳಿದರು: ಸರ್, ನಮ್ಮಲ್ಲಿ ಹೆಚ್ಚಿನವರು ಸರ್ಕಾರಕ್ಕೆ ಸೇರುವುದಿಲ್ಲ, ಖಾಸಗಿ ಸಲಹಾ ಸಂಸ್ಥೆಗಳಿಗೆ ಸೇರುತ್ತೇವೆ. ಬಿಲ್ಡರೇ ನಮಗೆ ದುಡ್ಡು ಕೊಡುವಾಗ ಜನಸೇವೆ ಎಲ್ಲಿಂದ ಬರಬೇಕು?

ಒಳ್ಳೆಯ ಪ್ರಶ್ನೆಯಮ್ಮ. ನೀನು ಬಿಲ್ಡರ್ ಪರವಾಗಿ ವಾದ ಮಾಡು, ಅದರಲ್ಲಿ ತಪ್ಪಿಲ್ಲ, ಅದು ನಿನ್ನ ಅನ್ನ. ಆದರೆ ಹಳ್ಳವನ್ನು ನಕ್ಷೆಯಿಂದ ಅಳಿಸಬೇಡ. ವಾದ ಬೇರೆ, ಅಳತೆ ಬೇರೆ. ಅಳತೆ ಸರಿಯಿದ್ದರೆ ಎದುರಿಗೆ ಕೂತ ಸರ್ಕಾರಿ ಯೋಜಕ ಸುಸ್ತಾಗಿದ್ದರೂ ಆ ಹಳ್ಳ ಅವನ ಕಣ್ಣಿಗೆ ಬೀಳುತ್ತದೆ. ನನ್ನ ಕಣ್ಣಿಗೆ ಬಿದ್ದೂ ನಾನು ಸಹಿ ಹಾಕಿದೆ ಎಂದೆನಲ್ಲ, ಅದು ನನ್ನ ಲೆಕ್ಕಕ್ಕೆ. ಅಳಿಸಿದ್ದರೆ ನಿನ್ನ ಲೆಕ್ಕಕ್ಕೆ. ನಿನ್ನ ಸಂಸ್ಥೆಯವರು ಅಳಿಸು ಎಂದೇ ಪಟ್ಟು ಹಿಡಿದರೆ ಬೇರೆ ಕೆಲಸ ಹುಡುಕಬೇಕಾಗುತ್ತದೆ. ಸುಲಭ ಎಂದು ಹೇಳುವುದಿಲ್ಲ. ನಿನಗೆ ಇನ್ನೂ ಇಪ್ಪತ್ತಮೂರು, ಮನೆ ಸಾಲ ಶುರುವಾಗಿಲ್ಲ, ಈಗಲೇ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಕೇಳಿದ: ಸರ್, ಆ ಲಗ್ನಪತ್ರಿಕೆ ಯಾರ ಮದುವೆಯದು?

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಕೇಳಬೇಕಾದದ್ದನ್ನೇ ಕೇಳಿದ. ನಾನು ಆ ಪತ್ರಿಕೆಯನ್ನು ಹಿಂಬದಿ ಮೇಲೆ ಮಾಡಿಯೇ ಕಡತಕ್ಕೆ ಕಟ್ಟಿದ್ದೆ, ಏಕೆಂದರೆ ನನಗೆ ಬೇಕಾಗಿದ್ದದ್ದು ಪೆನ್ಸಿಲಿನ ನಕ್ಷೆ. ಉಳಿದುಹೋದ ಹಳೆಯ ಪತ್ರಿಕೆ ಎಂದುಕೊಂಡಿದ್ದೆ. ವರ್ಗವಾಗಿ ಹೊರಡುವ ಮುನ್ನ ಪುಟಸಂಖ್ಯೆ ಹಾಕಲು ಕೂತಾಗ ಮಗುಚಿದೆ. ಅವರ ಕಿರಿಯ ಮಗಳ ಮದುವೆ. ನಾಲ್ಕು ಮೂಲೆಗೂ ಅರಿಶಿನ ಹಚ್ಚಿತ್ತು, ಮೇಲೆ ಶಾಯಿಯಲ್ಲಿ 'ಪ್ಲಾನಿಂಗ್ ಸಾಹೇಬರಿಗೆ' ಎಂದು ಬರೆದಿತ್ತು. ತಾರೀಖು ಹೋಗಿ ಐದು ತಿಂಗಳಾಗಿತ್ತು.